ಹೆಂಡತಿ ಮುಗಿಸಿದ ದೀಡ್ ನಮಸ್ಕಾರ

1994ರಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟು ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರಲು ನಿಂತೆ. ಯಾರಾದರೂ ಕೈಹಚ್ಚಲು ಬಂದರೆ ನನಗೆ ಅವಮಾನ. ಹೋದ ವರ್ಷ ಬೆನ್ನು ಕೈಕೊಟ್ಟಿತು. ಇನ್ನು ಭಾರ ಎತ್ತಬಾರದು ಎಂದರು ಡಾಕ್ಟರು. ನಾನು ಒಪ್ಪಲಿಲ್ಲ. ಮತ್ತೆ ಚೀಲ ಹೊರುವಂತೆ ಮಾಡು ತಾಯಿ ಎಂದು ಊರಮ್ಮನಿಗೆ ದೀಡ್ ನಮಸ್ಕಾರದ ಹರಕೆ ಹೊತ್ತೆ.

ನಸುಕಿನಲ್ಲಿ ಸ್ನಾನ ಮಾಡಿ, ಒದ್ದೆ ಧೋತರದಲ್ಲೇ ಗುಡಿಯ ಮುಂದೆ ಉದ್ದಕ್ಕೆ ಮಲಗಿದೆ. ಕೈ ಮುಟ್ಟಿದಲ್ಲಿ ಹೆಂಡತಿ ಕೋಲಿನಿಂದ ಗೆರೆ ಎಳೆದಳು. ಎದ್ದು, ಆ ಗೆರೆಯ ಮೇಲೆ ನಿಂತು ಮತ್ತೆ ಮಲಗಬೇಕು; ಹಾಗೆಯೇ ಗುಡಿ ಸುತ್ತಬೇಕು. ಏಳಲು ಆಗಲೇ ಇಲ್ಲ. ಹೆಂಡತಿ ಕೈ ಚಾಚಿದರೂ ನಾನು ಹಿಡಿಯಲಿಲ್ಲ.

"ತಾಯಿ ಮುಂದೂ ಸೊಕ್ಕೇನು? ಕೈ ಕೊಡ್ರಿ" ಎಂದಳು.

"ಹರಕಿ ಅರ್ಧಕ್ಕ ಬಿಟ್ರ ಆಕಿ ಸಿಟ್ಟಾಗ್ತಾಳ."

"ನಿಮ್ಮ ಬೆನ್ನು ಆಕೀಗೆ ಗೊತ್ತಿಲ್ಲೇನು? ಕುಂದರ್ರಿ, ಉಳಿದದ್ದು ನಾ ಹಾಕ್ತೀನಿ."

ಅವಳ ಕೈ ಹಿಡಿದು ಎದ್ದು ಕಟ್ಟೆಯ ಮೇಲೆ ಕುಳಿತೆ. ಅವಳು ಮಲಗುತ್ತ ಏಳುತ್ತ ಗುಡಿ ಸುತ್ತುವುದನ್ನು ನೋಡಿ, ಬೇಡಿಕೊಳ್ಳಬೇಕೆಂದಿದ್ದ ಮಾತು ಬಾಯಿಗೆ ಬರಲಿಲ್ಲ. "ನೀ ಇಟ್ಟಂಗ ಇರ್ತೀನವ್ವಾ" ಎಂದೆ. ಎದೆ ಹಗುರಾಯಿತು.

ಬೆನ್ನು ಹಾಗೆಯೇ ಇದೆ. ಈಗ ನನಗೆ ಕೂತು ಚೀಲದ ಬಾಯಿ ಹೊಲಿಯುವ ಕೆಲಸವಿದೆ, ಎರಡು ಕೋಣೆಯ ಮನೆಯಿದೆ, ಒಂದು ಎಮ್ಮೆಯಿದೆ, ಹೆಂಡತಿ ಇದ್ದಾಳೆ, ಕಣ್ತುಂಬ ನಿದ್ದೆಯಿದೆ.