ಮೈಕಕ್ಕ ಮೆತ್ತಗೆ ಓದುವುದಿಲ್ಲ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಬೂಟು ಕಾರ್ಖಾನೆಯ ಗೇಟಿಗೆ ಅಂಟಿಕೊಂಡ ಗೂಡಿನಂಥ ಕೋಣೆಯಲ್ಲಿ ಮೈಕಕ್ಕ ಮೈಕಿನ ಧೂಳು ಒರೆಸುತ್ತಿದ್ದಾರೆ. ಆಫೀಸಿನಿಂದ ಇಂಗ್ಲಿಷಿನಲ್ಲಿ ಬರುವ ಸೂಚನೆಗಳನ್ನು ಎಲ್ಲರ ಮಾತಿಗೆ ತಿರುಗಿಸಿ, ಪಾಳಿಗೆ ಮುಂಚೆ ಓದಿ ಹೇಳುವುದು ಇವರ ಕೆಲಸ. ಅಂಗಳ ಗುಡಿಸುವ ಅಜ್ಜಿಗೆ ಮೊದಲು ಓದಿ ತೋರಿಸಬೇಕು, ಅದು ಇವರೇ ಹಾಕಿಕೊಂಡ ಪದ್ಧತಿ. ಅಜ್ಜಿ "ಹಂಗಂದ್ರೆ?" ಅಂದರೆ ಆ ಸಾಲಿಗೆ ಕತ್ತರಿ.

ಇವತ್ತಿನ ಕಾಗದ ಹೇಳುತ್ತದೆ: ಬೇಡಿಕೆ ‘ಸಾಫ್ಟ್’ ಆಗಿದೆ, ಅಂಟು ಹಚ್ಚುವ ವಿಭಾಗವನ್ನು ‘ಈಸ್’ ಮಾಡಲಾಗುವುದು.

"ಹಂಗಂದ್ರೆ?"

"ಮುಚ್ತಾರಂತೆ ಅಜ್ಜಿ."

"ಹಂಗಂತ ಹೇಳೋಕೆ ಅವರ ಬಾಯಿಗೇನು ಬೀಗ ಬಿದ್ದಿದೆಯಾ?"

ಬಿದ್ದಿದೆ. ಲಾಭ ಬಂದಾಗ ಆಫೀಸಿನವರ ಇಂಗ್ಲಿಷು ಏರುತ್ತದೆ, ಜಿಗಿಯುತ್ತದೆ, ಹಾರುತ್ತದೆ. ನಷ್ಟ ಬಂದಾಗ ಮಾತ್ರ ‘ಸಾಫ್ಟ್’, ‘ಕೂಲ್’, ‘ಕರೆಕ್ಷನ್’! ಮಗುವನ್ನು ತಟ್ಟಿ ಮಲಗಿಸುವ ದನಿಯಲ್ಲಿ ಜನರ ಅನ್ನ ಕಿತ್ತುಕೊಳ್ಳುತ್ತಾರೆ.

ಮೈಕಕ್ಕನ ಗಂಡ ಇಲ್ಲೇ ಹೊಲಿಗೆ ವಿಭಾಗದಲ್ಲಿದ್ದವರು. ಆಗ ಮೈಕಿನಲ್ಲಿ ಬೇರೊಬ್ಬರು ‘ಉತ್ಪಾದನೆ ಸ್ವಲ್ಪ ಕೂಲ್ ಆಗಲಿದೆ’ ಎಂದು ಓದಿದ್ದರು. ಸ್ವಲ್ಪ ತಾನೇ ಅಂದುಕೊಂಡು ಗಂಡ ಕೈಗೆ ಬಂದಿದ್ದ ಬೇರೆ ಕೆಲಸ ಬಿಟ್ಟುಕೊಟ್ಟರು. ಅದೇ ತಿಂಗಳು ಗೇಟಿನಾಚೆ ನಿಂತರು. "ನಂಗೇ ಅರ್ಥ ಆಗ್ಲಿಲ್ಲ ಅಂತ ಇವತ್ತಿಗೂ ತಮ್ಮನ್ನೇ ಬೈಕೋತಾರೆ. ಅರ್ಥ ಆಗಬಾರದು ಅಂತಾನೇ ಬರೆದಿದ್ದಲ್ವಾ?" ಮೈಕಕ್ಕನ ದನಿ ಏರುತ್ತದೆ.

ಅಷ್ಟರಲ್ಲಿ ಆಫೀಸಿನ ಸಾಹೇಬರ ಫೋನು. "ನೋಡಮ್ಮ, ಕಾಗದದಲ್ಲಿ ಇದ್ದದ್ದನ್ನ ಇದ್ದ ಹಾಗೇ ಓದು. ಹೋದ ಸಲಾನೇ ಎಚ್ಚರಿಕೆ ಕೊಟ್ಟಿದ್ದೀನಿ. ಇನ್ನೊಂದು ಸಲ ಆದ್ರೆ ನಿನ್ನ ಕೆಲಸಾನೂ ಇರಲ್ಲ."

"ಸರ್, ವಿಭಾಗ ಮುಚ್ಚೋದು ಹೌದೋ ಅಲ್ವೋ?"

"ಹೌದು. ತಿಂಗಳ ಕೊನೆಗೆ. ಆದ್ರೆ ಹಾಗೆಲ್ಲ ಹೇಳೋದಲ್ಲ."

"ಹೌದು ಅಂದ್ರಲ್ಲ, ಸಾಕು ಸರ್."

ಫೋನ್ ಇಟ್ಟು ಮೈಕಿನ ಗುಂಡಿ ಒತ್ತುತ್ತಾರೆ. "ಅಂಟು ವಿಭಾಗದವರೇ, ಗಮನ ಇಟ್ಟು ಕೇಳಿ. ತಿಂಗಳ ಕೊನೆಗೆ ನಿಮ್ಮ ವಿಭಾಗ ಮುಚ್ಚುತ್ತೆ. ಬೇರೆ ಕಡೆ ಕೆಲಸ ಸಿಕ್ಕರೆ ಬಿಡಬೇಡಿ."

ಪಾಳಿಗೆ ಒಳಹೋಗುತ್ತಿದ್ದವರ ಸಾಲು ಗೇಟಿನಲ್ಲೇ ನಿಲ್ಲುತ್ತದೆ. ಒಬ್ಬಾಕೆ ಕೈಚೀಲವನ್ನು ನೆಲಕ್ಕಿಟ್ಟು ಆಗಲೇ ಫೋನ್ ಹಚ್ಚಿದ್ದಾಳೆ: "ಅಣ್ಣಾ, ನಿಮ್ಮಲ್ಲಿ ಜಾಗ ಇದೆ ಅಂದಿದ್ರಲ್ಲ, ಇನ್ನೂ ಇದೆಯಾ?"

ಸಾಹೇಬರ ಕೋಣೆಯಿಂದ ಕರೆ ಬಂದಿದೆ. ಮೈಕಕ್ಕ ಬಟ್ಟೆ ಕೊಡವಿಕೊಂಡು ಏಳುತ್ತಾರೆ.

"ಹೆದರಿಕೆ ಇಲ್ವಾ ಅಕ್ಕ?" ಸಾಲಿನಿಂದ ಒಬ್ಬಳು ಕೇಳುತ್ತಾಳೆ.

"ಇಲ್ದೆ ಏನು? ಮನೇಲಿ ದುಡಿಯೋದು ನಾನೊಬ್ಬಳೇ. ಆದ್ರೆ ತೆಗೆಯೋದಾದ್ರೆ ‘ತೆಗೆದ್ವಿ’ ಅಂತಲೇ ಹೇಳಲಿ. ನಂಗೆ ಮೆತ್ತಗೆ ಮಾಡೋದು ಬೇಡ."