ಕೈಯೆತ್ತಿ ಗೆದ್ದ ಯುದ್ಧ

ಹಿಲ್ಟ್ರೂಟ್ ಓಸ್ಟ್‌ಮನ್ ಜೀವಮಾನವೆಲ್ಲ ಶಾಲೆಯಲ್ಲಿ ಲ್ಯಾಟಿನ್ ಕಲಿಸಿದವರು. ನಿವೃತ್ತಿಯಾದ ಮೇಲೆ ಓರಗೆಯ ಹೆಂಗಸರು ಹೂದೋಟಕ್ಕೆ ಇಳಿದರೆ, ಇವರು ಜರ್ಮನಿಯ ಲಿಪ್ಪೆ ನದಿಯ ದಡದ ಹೋಲ್ಟ್‌ಬೆಕ್ ಊರಿನ ಆಲೂಗಡ್ಡೆ ಹೊಲಕ್ಕೆ ಇಳಿದರು. ಅಲ್ಲಿ ರೋಮನ್ ಸೈನಿಕರ ಚಪ್ಪಲಿಯ ಮೊಳೆಗಳು ಸಿಕ್ಕಿದ್ದವು. ಅಗೆಯಲು ಬಂದ ತಜ್ಞರ ಪಕ್ಕದಲ್ಲಿ ಮೊಣಕಾಲೂರಿ ಕುಂಚದಿಂದ ಮಣ್ಣು ಸರಿಸಿದರು, ಸಿಕ್ಕಿದ್ದನ್ನು ಹಳೆಯ ಲ್ಯಾಟಿನ್ ಬರಹಗಳೊಡನೆ ತಾಳೆ ನೋಡಿದರು. ಹೀಗೆ ವರ್ಷಗಟ್ಟಲೆ ದುಡಿದು ಒಂದು ಅಧ್ಯಾಯ ಬರೆದರು. ಊರಿನ ಇತಿಹಾಸ ಸಂಘ ತರಲಿದ್ದ ಪುಸ್ತಕಕ್ಕೆ ಅದೇ ಮೊದಲ ಅಧ್ಯಾಯ.

ಅದರ ಸಾರ ಇಷ್ಟೇ: ಸೈನ್ಯ ಬಂತು, ಕಂದಕ ತೋಡಿತು, ಒಲೆ ಹೂಡಿ ರೊಟ್ಟಿ ಸುಟ್ಟುಕೊಂಡಿತು, ಎದ್ದು ಹೋಯಿತು. ಯುದ್ಧ ನಡೆಯಲಿಲ್ಲ.

ಊರಿಗೆ ಇದು ರುಚಿಸಲಿಲ್ಲ. ಹೊಲದ ಕಪ್ಪು ಮಣ್ಣು ತೋರಿಸಿ, ನಮ್ಮ ಜರ್ಮನ್ ಹಿರಿಯರು ರೋಮನ್ನರನ್ನು ಸುಟ್ಟ ಜಾಗ ಎಂದು ಅಜ್ಜಂದಿರು ಹೇಳಿಕೊಂಡು ಬಂದಿದ್ದರು. ಪ್ರತಿ ಬೇಸಿಗೆಯಲ್ಲಿ ಅರ್ಧ ಊರು ತೋಳದ ಚರ್ಮ ಹೊದ್ದು ರೋಮನ್ನರ ವೇಷದ ಉಳಿದರ್ಧವನ್ನು ಅಟ್ಟಿಸಿಕೊಂಡು ಹೋಗುವ ಆಟವೂ ಇತ್ತು. ಆ ಕಪ್ಪು ಬರೀ ಒಲೆಯ ಮಸಿ ಎಂದರೆ ಆಟದ ಗತಿ?

ಸಂಘದಲ್ಲಿ ಒಂದು ಪದ್ಧತಿ. ಪ್ರತಿ ಅಧ್ಯಾಯವನ್ನೂ ಗಟ್ಟಿಯಾಗಿ ಓದಿ, ಕೈಯೆತ್ತಿ ಒಪ್ಪಬೇಕು. ಅಧ್ಯಕ್ಷ ಡೆಟ್ಲೆಫ್ ಹೋಟೆಲಿನ ಮಾಲೀಕ, ಹಿಲ್ಟ್ರೂಟರ ಹಳೆಯ ವಿದ್ಯಾರ್ಥಿ. ಅವನ ಹೋಟೆಲಿನ ಹಿಂದಿನ ಕೋಣೆಯಲ್ಲಿ ಬಿಯರ್ ಗ್ಲಾಸುಗಳ ನಡುವೆ ಅವನು ಅಧ್ಯಾಯ ಓದಿ ಮುಗಿಸುವಾಗ, ಹಿಲ್ಟ್ರೂಟ್ ಬರೆಯದೇ ಇದ್ದ ಒಂದು ಪ್ಯಾರಾ ಕೇಳಿಸಿತು. ಅದರಲ್ಲಿ ಘೋರ ಕಾಳಗ ನಡೆದು ರೋಮನ್ನರು ದಿಕ್ಕೆಟ್ಟು ಓಡಿದ್ದರು. ಕೆಳಗೆ ಹಿಲ್ಟ್ರೂಟರ ಹೆಸರು.

ಒಪ್ಪುವವರು ಕೈಯೆತ್ತಿ ಎಂದ ಡೆಟ್ಲೆಫ್. ಹಿಲ್ಟ್ರೂಟರೊಬ್ಬರದನ್ನು ಬಿಟ್ಟು ಎಲ್ಲರ ಕೈಗಳೂ ಮೇಲೆದ್ದವು, ಕೆಲವು ಗ್ಲಾಸಿನ ಸಮೇತ.

ಹಿಲ್ಟ್ರೂಟರ ಮೈ ಉರಿಯಿತು. "ಸಾಯದೇ ಇದ್ದವರನ್ನ ಕೈಯೆತ್ತಿ ಸಾಯಿಸ್ತೀರಲ್ಲ ಡೆಟ್ಲೆಫ್, ನಿಮಗೆಲ್ಲ ನಾಚಿಕೆ ಆಗಲ್ವಾ?"

"ಒಂದು ಸಣ್ಣ ಯುದ್ಧ, ಫ್ರಾವ್ ಓಸ್ಟ್‌ಮನ್. ಎರಡು ಸಾವಿರ ವರ್ಷ ಆಯ್ತು, ಈಗ ಯಾರಿಗೂ ಪೆಟ್ಟಾಗಲ್ಲ. ರೊಟ್ಟಿ ಸುಟ್ಟ ಜಾಗ ನೋಡೋಕೆ ಯಾರು ಬರ್ತಾರೆ?"

"ಹಾಗಾದ್ರೆ ಕೆಳಗೆ ನಿನ್ನ ಹೆಸರು ಹಾಕ್ಕೋ."

"ನನ್ನ ಹೆಸರು ಹಾಕಿದ್ರೆ ಯಾರು ನಂಬ್ತಾರೆ? ಲ್ಯಾಟಿನ್‌ನಲ್ಲಿ ನನ್ನ ಫೇಲ್ ಮಾಡಿದ್ದೇ ನೀವು."

ಕೋಣೆಗೆ ಕೋಣೆಯೇ ನಕ್ಕಿತು. ಹಿಲ್ಟ್ರೂಟರಿಗೆ ನಗು ಬರಲಿಲ್ಲ. ಸಂಘದವರಿಗೆ ಬೇಕಾದದ್ದು ತಾನು ಕಂಡ ನಿಜವಲ್ಲ, ಸುಳ್ಳಿಗೆ ಒತ್ತಲು ಒಂದು ಮುದ್ರೆ. ತನ್ನ ಹೆಸರನ್ನು ಅದಕ್ಕೆ ಕೊಡಲಾರೆನೆಂದು ಅವರು ಎದ್ದರು.

"ಬರೆದದ್ದು ನಾನು. ಒಂದು ಸಾಲೂ ಅಚ್ಚಾಗಬಾರದು," ಎಂದು ಹಾಳೆಗಳನ್ನು ಎತ್ತಿಕೊಂಡು ಕೋಟು ತೊಟ್ಟರು. ಹಾಗಾದರೆ ಆ ಪುಟಗಳಿಗೆ ಏನು ತುಂಬುವುದು ಎಂದು ಡೆಟ್ಲೆಫ್ ಹಿಂದಿನಿಂದ ಕೇಳಿದ. ಅದಕ್ಕೂ ಕೈಯೆತ್ತಿ ನೋಡಿ ಎಂದು ಹೊರನಡೆದರು.

ಸಂಘದವರು ಕೈಯೆತ್ತಿಯೇ ನೋಡಿದರು. ಪುಸ್ತಕ ಬಂದಾಗ ಮೊದಲ ಅಧ್ಯಾಯದ ಜಾಗದಲ್ಲಿ ಗುರಿಯಿಟ್ಟು ಹೊಡೆಯುವ ಊರಿನ ಬಂದೂಕು ಸಂಘದ ಗಂಡಸರ ಫೋಟೋಗಳಿದ್ದವು. ಸುಳ್ಳು ಅಚ್ಚಾಗಲಿಲ್ಲ, ನಿಜವೂ ಆಗಲಿಲ್ಲ. ಹಿಲ್ಟ್ರೂಟ್ ಇಂದಿಗೂ ಡೆಟ್ಲೆಫನ ಹೋಟೆಲಿನ ಮೆಟ್ಟಿಲು ಹತ್ತಿಲ್ಲ.