ವರ್ನಾ ಪೆಲ್ಕಿ ಅಳೆದ ಕೆರೆ

ವರ್ನಾ ಪೆಲ್ಕಿ ಇಪ್ಪತ್ತಾರು ವರ್ಷ ನಮ್ಮ ಕೆರೆಯ ನೀರು ಎಷ್ಟು ತಿಳಿಯಾಗಿದೆ ಎಂದು ಅಳೆದಳು. ಮೇನ್ ರಾಜ್ಯದ ಈ ಮೂಲೆಯಲ್ಲಿ ಕೆರೆಯ ಮೇಲಿನ ಮಂಜುಗಡ್ಡೆ ಒಡೆದ ಮೇಲೆ, ಹದಿನೈದು ದಿನಕ್ಕೊಮ್ಮೆ ದೋಣಿಯಲ್ಲಿ ನಡುನೀರಿಗೆ ಹೋಗಿ, ಮೀಟರಿನ ಗುರುತು ಹಾಕಿದ ಹಗ್ಗಕ್ಕೆ ಕಟ್ಟಿದ ಕಪ್ಪು-ಬಿಳಿ ತಟ್ಟೆಯನ್ನು ಇಳಿಬಿಡುವುದು. ಅದು ಕಣ್ಣಿಗೆ ಕಾಣದಾಗುವ ಆಳವನ್ನು ಬರೆದು ರಾಜ್ಯದ ಕಚೇರಿಗೆ ಕಳಿಸುವುದು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳಿಗೆ ಇದೊಂದು ಹುಚ್ಚು. ದೋಣಿ ನಡೆಸುವ ಬಿಟ್ಟಿ ಚಾಕರಿ ನನ್ನದು.

ಮೊದಲೆಲ್ಲ ತಟ್ಟೆ ಏಳು ಮೀಟರಿನವರೆಗೆ ಕಾಣುತ್ತಿತ್ತು. ಕಳೆದ ನಾಲ್ಕು ವರ್ಷಗಳಲ್ಲಿ ಅದು ನಾಲ್ಕಕ್ಕೆ ಬಂದು ನಿಂತಿತು. ಆ ವರದಿ ನೋಡಿಯೇ ಊರಿನ ಸಭೆ ಮಾರ್ಚ್‌ನಲ್ಲಿ ನಿಯಮ ಮಾಡಿತು: ದಡದ ಮನೆಯವರೆಲ್ಲ ಕೆರೆಗೆ ಸೋರುವ ಹಳೆಯ ಶೌಚಗುಂಡಿ ಮುಚ್ಚಿ, ನೀರಿನಿಂದ ದೂರದಲ್ಲಿ ಹೊಸದು ತೋಡಬೇಕು. ದಡದಲ್ಲೇ ವರ್ನಾಳ ಪಕ್ಕದ ಮನೆಯ ರಾಯ್ಸ್ ಹ್ಯಾಸ್ಕೆಲ್ ಅಂದಿನಿಂದ ಅವಳ ಜತೆ ಮಾತು ಬಿಟ್ಟ.

ಏಪ್ರಿಲ್‌ನಲ್ಲಿ ವರ್ನಾಳ ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಮೇ ತಿಂಗಳ ಮೊದಲ ಅಳತೆಯಲ್ಲಿ ತಟ್ಟೆ ನಾಲ್ಕು ದಾಟಿತು, ಐದು ದಾಟಿತು, ಅವಳಿಗೆ ಇನ್ನೂ ಕಾಣುತ್ತಲೇ ಇತ್ತು. ಮರೆಯಾದದ್ದು ಆರರ ಹತ್ತಿರ. ಕೆರೆ ಸುಧಾರಿಸಿತಲ್ಲ, ಖುಷಿಪಡು ಎಂದೆ.

“ಯಾರೂ ಇನ್ನೂ ಸಲಿಕೆ ಮುಟ್ಟಿಲ್ಲ, ಕೆರೆ ಹೇಗೆ ಚೊಕ್ಕ ಆಗತ್ತೆ? ಚೊಕ್ಕ ಆಗಿರೋದು ನನ್ನ ಕಣ್ಣು ಕಣೆ.”

ಬಾಯಿ ಮುಚ್ಚಿಕೊಂಡಿರು ಎಂದು ಗೋಗರೆದೆ. ನಿಯಮ ಬಿದ್ದುಹೋದರೆ ಕೆರೆಯ ಕತೆ ಮುಗಿಯಿತು ಎಂಬ ಹೆದರಿಕೆ ನನಗೆ. ಒಂದು ತಪ್ಪು ಅಂಕಿ ಗೊತ್ತಿದ್ದೂ ಉಳಿಸಿದರೆ ಉಳಿದದ್ದನ್ನು ಯಾರು ಯಾಕೆ ನಂಬಬೇಕು ಎಂಬುದು ಅವಳ ವಾದ. ನಾಲ್ಕು ವರ್ಷದ ಅಳತೆ ನಂಬಬೇಡಿ ಎಂದು ಕಚೇರಿಗೆ ಬರೆದಳು. ಊರಿನ ಸಭೆಯಲ್ಲೂ ಎದ್ದು ಹೇಳಿದಳು.

“ಹಾಗಾದ್ರೆ ನಿಯಮ ಕಿತ್ತಾಕಿ,” ಎಂದ ರಾಯ್ಸ್. “ಕುರುಡಿ ಅಳೆದಿದ್ದಕ್ಕೆ ನಾನು ಅಂಗಳ ಅಗೀಬೇಕಾ?”

“ಕಿತ್ತಾಕೋ ಮುಂಚೆ ನೀನೇ ಅಳೆದು ನೋಡು. ನನಗೆ ಬೇಕಾದ ಹಾಗೆ ಹೇಳೋನಲ್ಲ ನೀನು,” ಎಂದಳು ವರ್ನಾ.

ಸಭೆ ನಕ್ಕು ಒಪ್ಪಿತು. ರಾಯ್ಸ್ ಏಳು ಎಂದರೆ ನಿಯಮ ರದ್ದು, ಕಡಿಮೆ ಎಂದರೆ ಉಳಿಯುತ್ತದೆ.

ಬುಧವಾರ ಅವನು ದೋಣಿ ಹತ್ತಿದ. ವರ್ನಾ ಬೇಕೆಂದೇ ಅವನಿಗೆ ಬೆನ್ನು ಹಾಕಿ ಕುಳಿತಳು, ನನ್ನನ್ನೂ ಅತ್ತ ತಿರುಗಿಸಿದಳು. ಅವನು ಮನಸ್ಸಿಗೆ ಬಂದ ಅಂಕಿ ಹೇಳಿದರೂ ಕೇಳುವವರಿರಲಿಲ್ಲ. ಹಗ್ಗ ಮೂರು ಸಲ ನೀರಿಗಿಳಿದ ಸದ್ದು ಬಂತು.

“ಆರಕ್ಕೂ ಬರ್ಲಿಲ್ಲ,” ಎಂದ. “ಐದೂಮುಕ್ಕಾಲು.”

ವರ್ನಾ ತಿರುಗದೆಯೇ ಕಾಗದ, ಪೆನ್ನು ಹಿಂದಕ್ಕೆ ಚಾಚಿದಳು. ಅವನು ಬರೆದು ಸಹಿ ಹಾಕಿದ. ದಡ ಸೇರಿದ ಮೇಲೆ, ಅವಳ ಮುಖ ನೋಡದೆ, “ಗುಂಡಿ ಎಷ್ಟು ದೂರ ತೋಡ್ಬೇಕು, ನಾಳೆ ಬಂದು ತೋರ್ಸು,” ಎಂದ. ಅಷ್ಟು ದಿನ ತಡೆದುಕೊಂಡಿದ್ದ ವರ್ನಾ ಆಗ ಅತ್ತಳು.